‘ಬಿಸಿ’ ಅಲ್ಲ, ‘ಬೆಚ್ಚಗೆ’

ಡಿಸೆಂಬರಿನ ಬೆಳಿಗ್ಗೆ ಬರೀ ಚಪ್ಪಲಿಯಲ್ಲಿ ಬಂದವರ ಪಾದ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿರುತ್ತದೆ. ಥರ್ಮಾಮೀಟರ್ ಇಟ್ಟರೆ 26, 27 ಡಿಗ್ರಿ. ಚರ್ಮಕ್ಕೆ ಕಟ್ಟಿ ಬಿಸಿ, ತಂಪು ಕೊಡುವ ನಮ್ಮ ಥರ್ಮೋಡ್ ಹೊರಡುವುದು 32ರಿಂದ. ಹಾಗೇ ಕಟ್ಟಿಬಿಟ್ಟರೆ ಪರೀಕ್ಷೆ ಶುರುವಾಗುವ ಮೊದಲೇ ‘ಬೆಚ್ಚಗಿದೆಯಲ್ಲ’ ಅನ್ನುತ್ತಾರೆ, ಆಮೇಲೆ ಬರುವ ಅಂಕಿಗಳೆಲ್ಲ ದಂಡ. ಆದ್ದರಿಂದ, ಎಷ್ಟು ಡಿಗ್ರಿ ಬದಲಾದಾಗ ಬೆಚ್ಚಗೆ, ತಣ್ಣಗೆ ತಿಳಿಯುತ್ತದೆ ಎಂದು ನೋಡುವ ನರಪರೀಕ್ಷೆಗೆ, ರೋಗಿಗಳ ಅಂಕಿಗಳನ್ನು ಹೋಲಿಸಲು ಬೇಕಾದ ಆರೋಗ್ಯವಂತರ ಮೌಲ್ಯಗಳನ್ನು ಕಲೆಹಾಕುವ ದಿನ ಮೊದಲ ಅರ್ಧ ಗಂಟೆ ಕಂಬಳಿ ಹೊದಿಸುವುದಕ್ಕೇ ಮೀಸಲು. ಫ್ಯಾನ್ ಬಂದ್. ಚರ್ಮ 30 ದಾಟಿದ ಮೇಲೆ ಥರ್ಮೋಡ್ ಕಟ್ಟಿ, ಬಿಸಿಯೂ ಇಲ್ಲ ತಂಪೂ ಇಲ್ಲ ಅನ್ನಿಸುವವರೆಗೆ ಕಾಯುತ್ತೇವೆ.

ಥರ್ಮೋಡ್ ಅಂದರೆ 3 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಲೋಹದ ಬಿಲ್ಲೆ. ಒಳಗೆ ಪೆಲ್ಟಿಯೆ ಅಂಶವಿದೆ. ಕರೆಂಟನ್ನು ಒಂದು ದಿಕ್ಕಿಗೆ ಹರಿಸಿದರೆ ಮುಖ ಬಿಸಿ, ತಿರುಗಿಸಿದರೆ ತಂಪು. ಹಿಂಬದಿಯ ಶಾಖವನ್ನು ಹೊತ್ತೊಯ್ಯಲು ಕೊಳವೆಯಲ್ಲಿ ಡಿಸ್ಟಿಲ್ಡ್ ವಾಟರ್ ಸುತ್ತುತ್ತಿರುತ್ತದೆ. ಆ ನೀರಿನಲ್ಲಿ ಗುಳ್ಳೆ ಸೇರಿದರೆ ತಂಪಾಗಿಸುವಾಗ ಯಂತ್ರ ಏದುಸಿರು ಬಿಡುತ್ತದೆ, ಸೆಕೆಂಡಿಗೆ 1 ಡಿಗ್ರಿ ಇಳಿಯಬೇಕಾದದ್ದು ತೆವಳುತ್ತದೆ. ಪಟ್ಟಿಯನ್ನು ಬಿಗಿದರೆ ಚರ್ಮಕ್ಕೆ ರಕ್ತ ಬರುವುದಿಲ್ಲ, ಸಡಿಲ ಬಿಟ್ಟರೆ ಬಿಲ್ಲೆಯ ಒಂದು ಅಂಚು ಮೇಲೇಳುತ್ತದೆ. ತಾಗುವ ಜಾಗ ಕಡಿಮೆಯಾದಷ್ಟೂ ಶಾಖ ತಿಳಿಯುವುದು ತಡ.

ಯಂತ್ರದ ತೊಂದರೆಗಳು ಕಣ್ಣಿಗೆ ಬೀಳುತ್ತವೆ, ಮಾತಿನ ತೊಂದರೆ ಬೀಳುವುದಿಲ್ಲ. ಮೊದಮೊದಲು ‘ಬಿಸಿ ಅನ್ನಿಸಿದಾಗ ಗುಂಡಿ ಒತ್ತಿ’ ಅನ್ನುತ್ತಿದ್ದೆವು. ಕನ್ನಡದವರಿಗೆ ಬಿಸಿ ಅಂದರೆ ಕಾಫಿ, ದೋಸೆ ಕಾವಲಿ. ಅಂಗೈ ಹಿಂಬದಿಯಲ್ಲಿ ಒಂದೂವರೆ, ಎರಡು ಡಿಗ್ರಿ ಏರುವಷ್ಟರಲ್ಲಿ ಒತ್ತಬೇಕಾದವರು ‘ಇನ್ನೂ ಬಿಸಿ ಆಗಿಲ್ಲ’ ಎಂದು ಆರೇಳು ಡಿಗ್ರಿಯವರೆಗೆ ಕಾಯುತ್ತಾರೆ. ನರ ಸರಿಯಾಗಿಯೇ ಸುದ್ದಿ ಮುಟ್ಟಿಸಿದೆ, ತಪ್ಪಿದ್ದು ನಮ್ಮ ಪದ. ಈಗ ಹೇಳುವುದು ಇಷ್ಟು: ‘ಮೊದಲಿಗಿಂತ ಒಂಚೂರು ಬೆಚ್ಚಗಾಯ್ತು ಅನ್ನಿಸಿದ ಕೂಡಲೇ ಒತ್ತಿ, ಬಿಸಿ ಆಗುವವರೆಗೆ ಕಾಯಬೇಡಿ.’ ತಂಪಿಗೂ ಹೀಗೇ. ‘ಚಳಿ’ ಅಂದರೆ ಮೈಯೆಲ್ಲ ನಡುಗಬೇಕು, ‘ತಂಪು’ ಅಂದರೆ ಹಿತವಾಗಿರಬೇಕು. ‘ಒಂಚೂರು ತಣ್ಣಗಾದಾಗ’ ಅಂದರೆ ಕೆಲಸ ಆಗುತ್ತದೆ. ನೋವಿನ ಮಿತಿಗೆ ಬೇರೆ ಮಾತು: ‘ಬಿಸಿಯ ಜೊತೆ ಚುರುಗುಟ್ಟಿದ ಮೊದಲ ಗಳಿಗೆ.’ ಹೀಗೆ ಹೇಳದಿದ್ದರೆ ಎಷ್ಟು ತಡೆದುಕೊಳ್ಳಬಲ್ಲೆ ಎಂದು ತೋರಿಸಲು ಗಂಡಸರು ಹಲ್ಲು ಕಚ್ಚಿ ಕೂರುತ್ತಾರೆ. ಯಂತ್ರ 50 ಡಿಗ್ರಿಯಲ್ಲಿ ತಾನೇ ಹಿಂದಿರುಗುತ್ತದೆ, ತಂಪಿನಲ್ಲಿ 0ಯಲ್ಲಿ.

ಕ್ರಮ ಬದಲಿಸುವಂತಿಲ್ಲ: ಮೊದಲು ತಂಪು, ಆಮೇಲೆ ಬೆಚ್ಚಗೆ, ನೋವಿನದ್ದು ಕೊನೆಗೆ. ಒಮ್ಮೆ ಚುರುಗುಟ್ಟಿದ ಚರ್ಮ ಸ್ವಲ್ಪ ಹೊತ್ತು ಮೊದಲಿನಂತಿರುವುದಿಲ್ಲ. ಪ್ರತಿಯೊಂದನ್ನೂ ಮೂರು ಸಲ ಮಾಡಿ ಸರಾಸರಿ ತೆಗೆಯುತ್ತೇವೆ. ನಡುವಿನ ಬಿಡುವು ಒಂದೇ ಸಮ ಇದ್ದರೆ ಜನ ತಾಳ ಹಿಡಿದು ಒತ್ತಲು ಶುರುಮಾಡುತ್ತಾರೆ, ಅದಕ್ಕೇ ಬಿಡುವನ್ನು ಹೆಚ್ಚುಕಡಿಮೆ ಮಾಡುವುದು. ಪರದೆ ಅವರ ಕಣ್ಣಿಗೆ ಬೀಳಬಾರದು.

ಇನ್ನೊಂದು ಗುಟ್ಟು ಸಮಯದ್ದು. ಸೆಕೆಂಡಿಗೆ 1 ಡಿಗ್ರಿ ಏರುವಾಗ ಬೆರಳು ಅರ್ಧ ಸೆಕೆಂಡ್ ತಡಮಾಡಿದರೆ ಅಂಕಿಗೆ ಅರ್ಧ ಡಿಗ್ರಿ ಸೇರಿಕೊಳ್ಳುತ್ತದೆ. ತಂಪಿನ ಸುದ್ದಿ ಹೊರುವುದು ಮಯಲಿನ್ ಎಂಬ ಕೊಬ್ಬಿನ ತೆಳು ಹೊದಿಕೆಯ ಎ-ಡೆಲ್ಟಾ ನರತಂತುಗಳು. ಬೆಚ್ಚಗಿನದು ಹೊದಿಕೆಯಿಲ್ಲದ ಸಿ ತಂತುಗಳ ಪಾಲು, ಅವುಗಳ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಪಾದದಿಂದ ಬೆನ್ನುಹುರಿ ಮುಟ್ಟುವಷ್ಟರಲ್ಲೇ ಒಂದು ಸೆಕೆಂಡ್ ಹೋಯಿತು. ಪಾದದಲ್ಲಿ ಬೆಚ್ಚಗಿನ ಮಿತಿ, ಅಂದರೆ 32ರಿಂದ ಎಷ್ಟು ಡಿಗ್ರಿ ಏರಿದಾಗ ತಿಳಿಯಿತೋ ಆ ಅಂಕಿ, ಕೈಗಿಂತ ಒಂದೆರಡು ಡಿಗ್ರಿ ಹೆಚ್ಚು ಬಂದರೆ ಗಾಬರಿಯಾಗಬೇಕಿಲ್ಲ, ಅದರಲ್ಲೂ ಅರವತ್ತು ದಾಟಿದವರಲ್ಲಿ. ಈ ತಡವನ್ನು ಕಳೆಯಬೇಕೆಂದರೆ ಗುಂಡಿ ಬಿಟ್ಟು, ಒಂದು ನಿಶ್ಚಿತ ಉಷ್ಣತೆ ಕೊಟ್ಟು ‘ತಿಳಿಯಿತೇ, ಇಲ್ಲವೇ’ ಎಂದು ಕೇಳುವ ಇನ್ನೊಂದು ವಿಧಾನವಿದೆ. ನಡುನಡುವೆ ಏನೂ ಕೊಡದೆಯೂ ಕೇಳಬೇಕು; ಅದಕ್ಕೂ ‘ಹೌದು’ ಅಂದವರ ಅಂಕಿ ನಂಬುವಂತಿಲ್ಲ. ವಿಧಾನ ಚೆನ್ನಾಗಿದೆ, ಆದರೆ ಹೊತ್ತು ತಿನ್ನುತ್ತದೆ. ಸಂಜೆಯ ಹೊತ್ತಿಗೆ ಕೂತವರು ತೂಕಡಿಸುತ್ತಾರೆ.

ಜರ್ಮನಿಯ ನರನೋವು ಸಂಶೋಧನಾ ಜಾಲ 180 ಆರೋಗ್ಯವಂತರ ಮುಖ, ಕೈ, ಪಾದಗಳಲ್ಲಿ ಅಳೆದ ಮೌಲ್ಯಗಳು 2006ರಲ್ಲಿ ಪ್ರಕಟವಾದವು. ಅವನ್ನೇ ಎತ್ತಿಕೊಂಡು ನಮ್ಮವರಿಗೆ ಹೊಂದಿಸಬಹುದಲ್ಲ ಎಂದು ಕೇಳುವವರಿದ್ದಾರೆ. ವರ್ಷಾನುಗಟ್ಟಲೆ ಬರಿಗಾಲಲ್ಲಿ ಗದ್ದೆಯಲ್ಲಿ ನಡೆದ ಪಾದವನ್ನು ಅದೇ ತಕ್ಕಡಿಯಲ್ಲಿ ತೂಗುವುದು ನಮಗೆ ಒಪ್ಪಿಗೆಯಿಲ್ಲ. ಅಳೆಯುವುದು ಪಾದದ ಮೇಲ್ಭಾಗದಲ್ಲೇ, ಅಂಗಾಲಿನಲ್ಲಲ್ಲ. ಆದರೂ ದಪ್ಪ ಚರ್ಮದಲ್ಲಿ ಶಾಖ ಇಳಿಯಲು ಹೊತ್ತು ಬೇಕು. ‘ಆರೋಗ್ಯವಂತ’ರನ್ನು ಆರಿಸುವಾಗ ಸಕ್ಕರೆ ಕಾಯಿಲೆ, ಮದ್ಯ, ಬಿ12 ಕೊರತೆ, ಸೊಂಟದಿಂದ ಕಾಲಿಗಿಳಿಯುವ ನೋವು, ಹಿಂದೆ ಕುಷ್ಠಕ್ಕೆ ಪಡೆದ ಚಿಕಿತ್ಸೆ ಎಲ್ಲವನ್ನೂ ಕೇಳಲೇಬೇಕು. ನರದಲ್ಲಿ ಸುದ್ದಿ ಓಡುವ ವೇಗ ಅಳೆಯುವ ಮಾಮೂಲಿ ನರವಾಹಕ ಪರೀಕ್ಷೆ ಸರಿಯಾಗಿದೆ ಎಂದ ಮಾತ್ರಕ್ಕೆ ಸಾಲದು, ಅದಕ್ಕೆ ದಪ್ಪ ತಂತುಗಳು ಮಾತ್ರ ಕಾಣುತ್ತವೆ, ತಂಪು, ಬೆಚ್ಚಗೆ ಹೊರುವ ತೆಳು ತಂತುಗಳಲ್ಲ.

ಸಿಕ್ಕ ಅಂಕಿಗಳು ಒಂದೇ ಕಡೆಗೆ ಬಾಲ ಎಳೆಯುತ್ತವೆ: ಬಹಳ ಮಂದಿ ಕಡಿಮೆ ಡಿಗ್ರಿಯಲ್ಲಿ, ಕೆಲವರು ದೂರದಲ್ಲಿ. ಹಾಗಾಗಿ ತಂಪು ಮತ್ತು ಬೆಚ್ಚಗಿನ ಮಿತಿಗಳನ್ನು ಮೊದಲು ಲಾಗ್‌ಗೆ (ಲಾಗರಿದಮ್) ತಿರುಗಿಸಿ ಬಾಲವನ್ನು ಮೊಟಕು ಮಾಡಿ, ಆಮೇಲೆ ಸರಾಸರಿಯ ಆಚೀಚೆ 1.96 ಮಾನಕ ವಿಚಲನೆಯ ಗೆರೆ ಎಳೆಯುತ್ತೇವೆ; ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು 95 ಮಂದಿ ಆ ಗೆರೆಗಳ ಒಳಗೆ ಬರುತ್ತಾರೆ. ನೋವಿನ ಮಿತಿಗಳಿಗೆ ಲಾಗ್ ಬೇಡ. ಹಾಳೆಯ ತಲೆಯಲ್ಲಿ ವಯಸ್ಸು, ಜಾಗ, ಚರ್ಮದ ಉಷ್ಣತೆ, ಬಿಲ್ಲೆಯ ಅಳತೆ, ಏರಿಕೆಯ ವೇಗ ಬರೆದಿರುತ್ತೇವೆ. ಅವುಗಳ ಕೆಳಗೆ ಗುಂಡಿ ಒತ್ತಲು ಹೇಳಿದ ಕನ್ನಡ ವಾಕ್ಯ, ಅಕ್ಷರ ಬಿಡದೆ.