ಆಡ್ಮಾಂಟ್‌ಗೆ ಹೋದರೆ ಗ್ರಂಥಾಲಯವಷ್ಟೇ ನೋಡಿ ಹೊರಡಬೇಡಿ

ಆಸ್ಟ್ರಿಯಾ ಪ್ರವಾಸದಲ್ಲಿ ವಿಯೆನ್ನಾ, ಸಾಲ್ಜ್‌ಬರ್ಗ್ ಮುಗಿಸಿ ಒಂದು ದಿನ ಕೈಯಲ್ಲಿದ್ದರೆ ಅದನ್ನು ಆಡ್ಮಾಂಟ್‌ಗೆ ಇಡಿ. ಸ್ಟೈರಿಯಾ ಪ್ರಾಂತ್ಯದ ಪುಟ್ಟ ಊರು. ಪಕ್ಕದಲ್ಲಿ ಎನ್ಸ್ ನದಿ, ಸುತ್ತ ಗೆಸಾಯ್ಸೆ ಬೆಟ್ಟಗಳು, ನಡುವೆ 1074ರಲ್ಲಿ ಶುರುವಾದ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಮಠ, ಅದರೊಳಗೆ ಹೆಸರಾಂತ ಗ್ರಂಥಾಲಯ ಮತ್ತು ಒಂದು ಮ್ಯೂಸಿಯಂ. ಸನ್ಯಾಸಿಗಳು ಈಗಲೂ ಅಲ್ಲಿದ್ದಾರೆ.

ಗ್ರಾಟ್ಸ್ ಕಡೆಯಿಂದ ಬರುವವರು ಲೀಟ್ಸನ್ ತನಕ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿಯಬಹುದು. ನಮ್ಮೂರಿನ ಸಿಟಿ ಬಸ್ಸಿನ ಹಾಗೆ ಒಂದರ ಹಿಂದೆ ಒಂದು ಬರುವುದಿಲ್ಲ. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಕಾರಿದ್ದರೆ ಎ9 ಹೆದ್ದಾರಿಯಿಂದ ಸುಲಭ. ವಸಂತದಿಂದ ಶರತ್ಕಾಲದ ನಡುವೆ ಹೋಗಿ, ಚಳಿಗಾಲದಲ್ಲಿ ಮ್ಯೂಸಿಯಂ ಎಂದಿನಂತೆ ತೆರೆದಿರುವುದಿಲ್ಲ.

ಬಿಸಿಲಿರುವ ದಿನ ಸಿಕ್ಕರೆ ಅದೃಷ್ಟ. 1776ರಲ್ಲಿ ಮುಗಿದ ಈ ಗ್ರಂಥಾಲಯವನ್ನು ವಾಸ್ತುಶಿಲ್ಪಿ ಯೋಸೆಫ್ ಹ್ಯೂಬರ್ ಬೆಳಕಿಗಾಗಿಯೇ ಕಟ್ಟಿದ್ದು. 70 ಮೀಟರ್ ಉದ್ದದ ಸಭಾಂಗಣ, 48 ಕಿಟಕಿ, ಬಿಳಿ ಮತ್ತು ಚಿನ್ನದ ಬಣ್ಣದ ಕಪಾಟುಗಳು, ಅದರಲ್ಲಿ ಸುಮಾರು 70,000 ಪುಸ್ತಕ. ತಲೆ ಎತ್ತಿದರೆ ಏಳು ಗುಮ್ಮಟಗಳಲ್ಲಿ ಚಿತ್ರಕಾರ ಬಾರ್ಟೊಲೊಮಿಯೊ ಆಲ್ಟೊಮಾಂಟೆಯ ಚಿತ್ರಗಳು. ಅವನ್ನು ಬರೆಯುವಾಗ ಆತನಿಗೆ 80 ದಾಟಿತ್ತು! ಮೇಲಿನ ಅಟ್ಟಕ್ಕೆ ಹೋಗುವ ಬಾಗಿಲುಗಳು ಸುಳ್ಳು ಪುಸ್ತಕಗಳ ಸಾಲಿನ ಹಿಂದೆ ಅಡಗಿವೆ. ಎಲ್ಲಿವೆ ಅಂತ ಗೈಡ್ ಹತ್ತಿರ ಕೇಳಿ.

ನಾನು ಜಾಸ್ತಿ ಹೊತ್ತು ನಿಂತಿದ್ದು ನಡುವಿನ ನಾಲ್ಕು ಶಿಲ್ಪಗಳ ಮುಂದೆ. ಸಾವು, ಕೊನೆಯ ತೀರ್ಪು, ಸ್ವರ್ಗ, ನರಕ. ನೋಡಲು ಕಂಚು, ಆದರೆ ಕೆತ್ತಿದ್ದು ಮರದಲ್ಲಿ. ಶಿಲ್ಪಿ ಶ್ಟಾಮೆಲ್ 1765ರಲ್ಲೇ ತೀರಿಕೊಂಡರು, ಈ ಸಭಾಂಗಣ ಸಿದ್ಧವಾಗುವ ಮುಂಚೆ. ಸುತ್ತಲೂ ಅಷ್ಟು ಬೆಳಕು, ನಡುವೆ ಈ ಕಪ್ಪು ಆಕೃತಿಗಳು. ಹಳೆಯ ಕಾಲ, ಹೊಸ ಕಾಲ ಎದುರುಬದುರಾಗುವುದು ಈ ಮಠದಲ್ಲಿ ಆಗಲೇ ಶುರುವಾಗಿತ್ತು ಅನ್ನಿಸಿತು.

1865ರ ಬೆಂಕಿಯಲ್ಲಿ ಮಠದ ಬಹುಭಾಗ ಸುಟ್ಟುಹೋಯಿತು, ಗ್ರಂಥಾಲಯ ಮಾತ್ರ ಉಳಿಯಿತು. ಈಗಿನ ಚರ್ಚ್ ಆಮೇಲೆ ಕಟ್ಟಿದ್ದು.

ತುಂಬಾ ಜನ ಇಷ್ಟು ನೋಡಿ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2003ರಲ್ಲಿ ತೆರೆದ ಮ್ಯೂಸಿಯಂನಲ್ಲಿ ಇಂದಿನ ಕಲಾವಿದರ ಕೆಲಸಗಳಿವೆ. ಮಠವೇ ಕಲಾವಿದರನ್ನು ಕರೆಸಿ, ಇಲ್ಲಿನ ಪುಸ್ತಕ, ಸಂಗ್ರಹಗಳನ್ನು ನೋಡಿ ಹೊಸದಾಗಿ ಮಾಡಲು ಹೇಳುತ್ತದೆ. ಕಣ್ಣು ಕಾಣದವರೂ ಅನುಭವಿಸಲಿ ಅಂತ ಮುಟ್ಟಬಹುದಾದ, ಕೇಳಬಹುದಾದ ಕೃತಿಗಳನ್ನೂ ಮಾಡಿಸಿದ್ದಾರೆ. ಮ್ಯೂಸಿಯಂ ಅಂದರೆ 'ಮುಟ್ಟಬೇಡಿ' ಅನ್ನುವ ಬೋರ್ಡು ತಾನೇ ನಮಗೆ ಗೊತ್ತಿರುವುದು? ಒಂದು ಧಾರ್ಮಿಕ ಸಂಸ್ಥೆ ಹೀಗೆ ಯೋಚಿಸಿದ್ದು ನನಗೆ ತುಂಬಾ ಹಿಡಿಸಿತು.

ಮಕ್ಕಳಿದ್ದರೆ ನಿಸರ್ಗ ವಿಭಾಗಕ್ಕೂ ಹೋಗಿ. ಗಾಬ್ರಿಯೆಲ್ ಸ್ಟ್ರೋಬ್ಲ್ ಅನ್ನುವ ಪಾದ್ರಿ ಕಟ್ಟಿದ ಕೀಟಸಂಗ್ರಹದಲ್ಲಿ ಸುಮಾರು ಎರಡೂವರೆ ಲಕ್ಷ ಕೀಟಗಳಿವೆ.

ಎಲ್ಲಕ್ಕೂ ಕನಿಷ್ಠ ನಾಲ್ಕು ಗಂಟೆ ಬೇಕು. ಬೆಳಿಗ್ಗೆ ಗ್ರಂಥಾಲಯ, ಊಟ, ಆಮೇಲೆ ಮ್ಯೂಸಿಯಂ ಅಂದರೆ ಆಯಾಸ ಆಗುವುದಿಲ್ಲ. ಮಾಂಸ ತಿನ್ನದಿದ್ದರೂ ಮೊಟ್ಟೆ ತಿನ್ನುವವರು ಚೀಸ್ ಹಾಕಿದ ಷ್ಪೆಟ್ಸ್‌ಲೆ ಕೇಳಿ, ಮೊಟ್ಟೆ ಬೆರೆಸಿದ ಹಿಟ್ಟಿನ ಪುಟ್ಟ ನೂಡಲ್ಸ್ ಅದು. ಸಲಾಡ್ ಮೇಲೆ ಸ್ಟೈರಿಯಾದ ಕುಂಬಳಬೀಜದ ಎಣ್ಣೆ ಹಾಕಿಸಿಕೊಳ್ಳಿ, ಆ ಪ್ರಾಂತ್ಯದ ಹೆಮ್ಮೆ ಅದು.