ನಿಂಬೆ, ಕಿತ್ತಳೆ ಪಕ್ಕದಲ್ಲೊಂದು ಬೆಣ್ಣೆಹಣ್ಣು

ಚಳಿಗಾಲ ಅಷ್ಟೇನೂ ಕಾಡದ ಕಡೆ ನಿಂಬೆ, ಕಿತ್ತಳೆ, ಬೆಣ್ಣೆಹಣ್ಣು ಮೂರನ್ನೂ ಬಯಲಲ್ಲೇ ಬೆಳೆಸಬಹುದು. ಆದರೆ ಮೂರೂ ಒಂದೇ ಥರ ಚಳಿ ತಡೆಯುವುದಿಲ್ಲ. ನಿಂಬೆ ನಾಜೂಕು. ಸತ್ಸುಮಾ ಕಿತ್ತಳೆ ಗಟ್ಟಿಗ. ಬೆಣ್ಣೆಹಣ್ಣಿನಲ್ಲಿ ಮೆಕ್ಸಿಕೋ ಮೂಲದ ತಳಿಗಳು ಚಳಿಯನ್ನು ಚೆನ್ನಾಗಿ ತಡೆಯುತ್ತವೆ, ವೆಸ್ಟ್ ಇಂಡೀಸ್ ಕಡೆಯವು ಬೇಗ ಸೋಲುತ್ತವೆ. 1913ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿದ್ದ ಭಾರಿ ಚಳಿಯನ್ನು ದಾಟಿ ಬದುಕಿದ್ದಕ್ಕೇ ಫುಯೆರ್ಟೆ ತಳಿ ಹೆಸರು ಮಾಡಿತು.

ಚಳಿಗೆ ಕೊಂಬೆ ಕಪ್ಪಾದರೆ ತಕ್ಷಣ ಕತ್ತರಿಸೋಣ ಅನ್ನಿಸುತ್ತದೆ ಅಲ್ವಾ? ತಡೀರಿ. ಸತ್ತಂತೆ ಕಂಡದ್ದೆಲ್ಲ ಸತ್ತಿರುವುದಿಲ್ಲ. ಚಿಗುರು ಬಂದ ಮೇಲೆ ಎಲ್ಲಿವರೆಗೆ ಜೀವ ಇದೆ ಅಂತ ಮರವೇ ತೋರಿಸುತ್ತದೆ. ಸುಮ್ನೆ ಕಾಯುವುದೂ ತೋಟದ ಕೆಲಸವೇ. ನನಗೆ ಅದೇ ಎಲ್ಲಕ್ಕಿಂತ ಕಷ್ಟ.

ನಿಜ ಹೇಳಬೇಕೆಂದರೆ ಬೆಣ್ಣೆಹಣ್ಣಿನ ವಿಷಯದಲ್ಲಿ ನನಗೆ ಚಳಿಗಿಂತ ನೀರಿನ ಭಯವೇ ಜಾಸ್ತಿ. ಅದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಮಣ್ಣು ಏರಿಸಿ ದಿಬ್ಬದ ಮೇಲೆ ನೆಟ್ಟಿದ್ದೇನೆ. ಮೇಲೆ ದಪ್ಪಗೆ ತರಗೆಲೆ ಹೊದಿಸಿದ್ದೇನೆ, ಕಾಂಡಕ್ಕೆ ತಾಗದ ಹಾಗೆ.

ಇನ್ನು ಹೂವಿನ ಆಟ ನೋಡಬೇಕು! ಒಂದೇ ಹೂವು ಎರಡು ಸಲ ಅರಳುತ್ತದೆ. ಮೊದಲ ದಿನ ಹೆಣ್ಣು, ಮಾರನೇ ದಿನ ಗಂಡು. ಹಾಸ್‌ನಂಥ ತಳಿಗಳಲ್ಲಿ ಬೆಳಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ಫುಯೆರ್ಟೆಯಲ್ಲಿ ಹೊತ್ತು ಉಲ್ಟಾ. ಎರಡೂ ಅಕ್ಕಪಕ್ಕ ಇದ್ದರೆ ಕಾಯಿ ಹೆಚ್ಚು ಕಚ್ಚುತ್ತದೆ. ಒಂಟಿ ಮರವೂ ಬಿಡುತ್ತದೆ, ತಂಪು ಹವೆಯಲ್ಲಿ ಈ ವೇಳಾಪಟ್ಟಿ ಏರುಪೇರಾಗುತ್ತದಲ್ಲ, ಹಾಗಾಗಿ.

ನನ್ನದು ಹಾಸ್. ಈಗ ಜೊತೆಗೆ ಫುಯೆರ್ಟೆ ನೆಡಲು ಜಾಗ ಹುಡುಕುತ್ತಿದ್ದೇನೆ. ಕಿತ್ತಳೆ ಗಿಡ ಪಕ್ಕಕ್ಕೆ ಸರಿಯುವ ಹಾಗಿಲ್ಲ.