ಚಪ್ಪಲಿ ಬಿಟ್ಟ ಕಾಲು

ಅಮ್ಮ ಚನ್ನರಾಯಪಟ್ಟಣದಲ್ಲಿ ಒಬ್ಬರೇ ಇರುವುದರಿಂದ ಹದಿನೈದು ದಿನಕ್ಕೊಮ್ಮೆ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಹೋಗಿಬರುತ್ತೇವೆ. ಕಳೆದ ವರ್ಷ ತಗೊಂಡ ಕಾರಿನಲ್ಲಿ ಅಡಾಸ್ ಇದೆ, ಅಂದರೆ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ. ಮುಂದಿನ ಗಾಡಿ ನಿಧಾನವಾದರೆ ತಾನೂ ನಿಧಾನವಾಗುತ್ತದೆ, ಬಿಳಿಪಟ್ಟಿಗಳ ನಡುವೆ ಸ್ಟೇರಿಂಗನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಇದು ಲೆವೆಲ್ 2. ಕಾರು ತಾನೇ ಎಷ್ಟು ಓಡಿಸಿಕೊಳ್ಳುತ್ತದೆ ಎಂದು ಅಳೆಯುವ, ಸೊನ್ನೆಯಿಂದ 5ರವರೆಗಿನ ಮೆಟ್ಟಿಲಿನಲ್ಲಿ 2 ಎಂದರೆ, ಕಾರು ಏನೇ ಮಾಡುತ್ತಿದ್ದರೂ ಕಣ್ಣಿಡಬೇಕಾದ ಡ್ರೈವರ್ ನಾನೇ.

ಮೊದಲ ತಿಂಗಳು ಹಾಗೇ ಇದ್ದೆ. ಎರಡೂ ಕೈ ಸ್ಟೇರಿಂಗ್ ಮೇಲೆ, ಕಾಲು ಬ್ರೇಕಿನ ಹತ್ತಿರ. ಆಮೇಲೆ ಒಂದು ಕೈ ತೊಡೆಗಿಳಿಯಿತು. ಸ್ಟೇರಿಂಗ್ ಹಿಡಿಯಿರಿ ಎಂದು ಸದ್ದು ಬಂದರೆ ಬೆರಳಲ್ಲಿ ಒಂಚೂರು ಅಲುಗಿಸುತ್ತಿದ್ದೆ, ಸುಮ್ಮನಾಗುತ್ತಿತ್ತು. ಅದು ನೋಡುವುದು ಸ್ಟೇರಿಂಗಿನ ಅಲುಗಾಟವನ್ನು, ನನ್ನ ಕಣ್ಣನ್ನಲ್ಲ. ಮೂರನೇ ತಿಂಗಳ ಹೊತ್ತಿಗೆ ಕುಣಿಗಲ್ ದಾಟಿದರೆ ಸಾಕು, ಬಲಗಾಲಿನ ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಕಡೆಗೆ ಎಳೆದುಕೊಂಡು ಆರಾಮಾಗಿ ಕೂರುತ್ತಿದ್ದೆ. ಯಾವತ್ತು ಶುರುವಾಯಿತೋ ನನಗೇ ನೆನಪಿಲ್ಲ.

ಡಿಸೆಂಬರ್‌ನ ಒಂದು ಸಂಜೆ, ಹಿರೀಸಾವೆ ದಾಟಿದ್ದೆವು. ಕ್ರೂಸ್ ಹಾಕಿ, ಅಂದರೆ ವೇಗವನ್ನು ಕಾರಿಗೇ ಬಿಟ್ಟು, 90ಕ್ಕೆ ಇಟ್ಟಿದ್ದೆ, ಮುಂದೊಂದು ಟೆಂಪೋ ಟ್ರಾವೆಲರ್ ಇದ್ದದ್ದರಿಂದ ಕಾರು 70ರಲ್ಲಿ ಹೋಗುತ್ತಿತ್ತು. ಟೆಂಪೋ ಥಟ್ಟನೆ ಎಡಕ್ಕೆ ಸರಿಯಿತು. ದಾರಿ ಬಿಡುವಾಯಿತು ಅಂದುಕೊಂಡು ಕಾರು ಮುನ್ನುಗ್ಗಿತು.

"ರೀ, ಟ್ರ್ಯಾಕ್ಟರ್!"

ಕಬ್ಬು ತುಂಬಿದ ಟ್ರೇಲರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ, ಯೂ ಟರ್ನ್‌ಗೆಂದು ಬಲಗಡೆ ಲೇನಿನಲ್ಲೇ ನಿಂತಿತ್ತು. ಬ್ರೇಕ್ ಒತ್ತಲು ಹೋದ ನನ್ನ ಕಾಲು ಮೊದಲು ಚಪ್ಪಲಿಯನ್ನು ಹುಡುಕಿತು. ಅಷ್ಟು ಹೊತ್ತು ಅಲ್ಲಿ ಹೋಯಿತು. ಕಾರು ಕಿರುಚಿಕೊಂಡದ್ದೂ ನಾನು ಬ್ರೇಕ್ ತುಳಿದದ್ದೂ ಒಟ್ಟಿಗೇ. ನಿಂತಾಗ ಕಬ್ಬಿನ ಸೋಗೆ ಬಾನೆಟ್ಟಿಗೆ ಸವರುತ್ತಿತ್ತು. ಇವಳ ಕೈ ಡ್ಯಾಶ್‌ಬೋರ್ಡಿನ ಮೇಲೆ ಚಾಚಿಕೊಂಡೇ ಇತ್ತು, ಎಷ್ಟೋ ಹೊತ್ತು ತೆಗೆಯಲಿಲ್ಲ.

ಮನೆಗೆ ಬಂದು ಮ್ಯಾನ್ಯುವಲ್ ತೆಗೆದು ನೋಡಿದೆ. ಮುಂದಿನ ಗಾಡಿ ಪಕ್ಕಕ್ಕೆ ಸರಿದಾಗ ಅದರಾಚೆ ನಿಂತಿರುವುದು ಕಾಣದೇ ಹೋಗಬಹುದು ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಕಂಬ, ಬೋರ್ಡು, ಸೇತುವೆ ಅಂತ ಕಂಡದ್ದಕ್ಕೆಲ್ಲ ಬ್ರೇಕ್ ಹಾಕುತ್ತಾ ಹೋದರೆ ಗಾಡಿ ಓಡುವುದೇ ಇಲ್ಲ. ಅದಕ್ಕೇ ಇಂಥ ಎಷ್ಟೋ ವ್ಯವಸ್ಥೆಗಳಲ್ಲಿ ರೇಡಾರ್ ನಿಂತ ವಸ್ತುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ನನ್ನ ಕಾರು ಕೆಟ್ಟಿರಲಿಲ್ಲ.

2016ರ ಮೇ ತಿಂಗಳಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಂಥದೇ ವ್ಯವಸ್ಥೆಯಾದ ಆಟೋಪೈಲಟ್‌ನಲ್ಲಿದ್ದ ಟೆಸ್ಲಾ ಕಾರೊಂದು ಅಡ್ಡ ಬಂದ ಲಾರಿಯ ಟ್ರೇಲರಿನ ಕೆಳಗೆ ನುಗ್ಗಿ, ಓಡಿಸುತ್ತಿದ್ದವರು ತೀರಿಕೊಂಡರು. ಆಟೋಪೈಲಟ್ ನಡೆದ 37 ನಿಮಿಷಗಳಲ್ಲಿ ಸ್ಟೇರಿಂಗ್ ಮೇಲೆ ಕೈ ಇದ್ದದ್ದು ದಾಖಲಾಗಿರುವುದು 25 ಸೆಕೆಂಡ್ ಮಾತ್ರ. ಮೊದಲು ಇದನ್ನು ಓದಿದ್ದಾಗ ಎಂಥ ಮನುಷ್ಯನಪ್ಪಾ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ನೂರು ಸಲ ಸರಿಯಾಗಿ ನಿಂತ ಕಾರನ್ನು ನೂರಾ ಒಂದನೇ ಸಲವೂ ಕಾವಲು ಕಾಯುವುದು, ಓಡಿಸುವುದಕ್ಕಿಂತ ಕಷ್ಟದ ಕೆಲಸ. ಶೋರೂಮಿನಲ್ಲಿ ಇದನ್ನು ಯಾರೂ ಹೇಳಲಿಲ್ಲ. ಟೆಸ್ಟ್ ಡ್ರೈವ್‌ಗೆ ಬಂದ ಹುಡುಗ ಎರಡೂ ಕೈ ಬಿಟ್ಟು ತೋರಿಸಿದ್ದ. ಸ್ಟೇರಿಂಗಿಗೆ ನೀರಿನ ಬಾಟಲಿ ಕಟ್ಟಿ ಕಾರನ್ನು ಏಮಾರಿಸುವ ವಿಡಿಯೋ ಹಾಕುವವರನ್ನು ನೋಡಿದರೆ ನನಗೆ ಈಗ ಹೊಟ್ಟೆ ತೊಳಸುತ್ತದೆ.

ಅಪಾಯ ಕಂಡರೆ ಕಾರು ತಾನೇ ಹಾಕುವ ತುರ್ತು ಬ್ರೇಕನ್ನು ಆಫ್ ಮಾಡಿಲ್ಲ, ಮಾಡುವುದೂ ಇಲ್ಲ. ಆ ಹೆದ್ದಾರಿಯಲ್ಲಿ ಕ್ರೂಸ್ ಹಾಕುವುದನ್ನು ಮಾತ್ರ ಕತ್ತಲಾದ ಮೇಲೆ ಪೂರ್ತಿ ಬಿಟ್ಟಿದ್ದೇನೆ. ಹಗಲಲ್ಲಿ ಹಾಕಿದರೂ ಕಾಲಿಗೆ ಶೂ ಇರುತ್ತದೆ. ಬೆಳ್ಳೂರು ಕ್ರಾಸ್ ದಾಟುತ್ತಿದ್ದಂತೆ ಇವಳು ಕಿಟಕಿಯಾಚೆ ನೋಡುತ್ತಲೇ ಕೇಳುತ್ತಾಳೆ, "ಕಾಲೆಲ್ಲಿದೆ ರೀ?"

"ಇಲ್ಲೇ ಇದೆ," ಅನ್ನುತ್ತೇನೆ. ಒಮ್ಮೊಮ್ಮೆ ಬಗ್ಗಿ ನೋಡುತ್ತಾಳೆ.